ವಿಮಾನದ ದೂರ-ಸಮಯ ಹೇಳೋ ಸೈಟ್‌ಗಳು: ಕಿಲೋಮೀಟರ್ ನಂಬಿ, ಗಂಟೆ ನಂಬೋ ಮುಂಚೆ ಇದನ್ನ ಓದಿ

ಎರಡು ಏರ್‌ಪೋರ್ಟ್ ಹೆಸರು ಹಾಕಿದ್ರೆ ಸಾಕು, ಮಧ್ಯೆ ಎಷ್ಟು ಕಿಲೋಮೀಟರ್, ಹಾರೋಕೆ ಎಷ್ಟು ಗಂಟೆ ಅಂತ ತಟ್ಟನೆ ಹೇಳೋ ಸೈಟ್‌ಗಳು ಈಗ ರಾಶಿ ರಾಶಿ ಸಿಗ್ತವೆ. ನಾನು ಇವನ್ನ ಬಹಳ ವರ್ಷದಿಂದ ಬಳಸ್ತಾ ಇದೀನಿ. ಮನೇಲಿ, ನೆಂಟರಲ್ಲಿ ಯಾರಾದ್ರೂ ದೂರದ ದೇಶಕ್ಕೆ ಹೊರಟ್ರೆ ‘ಎಷ್ಟು ಹೊತ್ತಾಗುತ್ತೆ ಸ್ವಲ್ಪ ನೋಡಿ ಹೇಳು’ ಅಂತ ಮೊದಲು ಕೇಳೋದು ನನ್ನನ್ನೇ. ಹಾಗಾಗಿ ಯಾವ ಸೈಟು ಏನು ಲೆಕ್ಕ ಹಾಕುತ್ತೆ, ಯಾವುದನ್ನ ಎಷ್ಟು ನಂಬಬಹುದು ಅಂತ ಕೂತು ನೋಡಿದೀನಿ, ಅದನ್ನೇ ಇಲ್ಲಿ ಬರೀತಿದೀನಿ. ಮೊದಲೇ ಹೇಳಿಬಿಡ್ತೀನಿ, ದೂರದ ವಿಷಯದಲ್ಲಿ ಈ ಸೈಟ್‌ಗಳು ಬಹಳ ಚೆನ್ನಾಗಿವೆ. ಸಮಯದ ವಿಷಯದಲ್ಲಿ ಹೆಚ್ಚಿನವು ಬರೀ ಒಂದು ಭಾಗಾಕಾರ ಮಾಡಿ ನಮ್ಮ ಕೈಗೆ ಕೊಡ್ತವೆ, ಅದು ಅಂದಾಜು ಅನ್ನೋದನ್ನ ದೊಡ್ಡಕ್ಷರದಲ್ಲಿ ಬರೆಯೋದೇ ಇಲ್ಲ.

ಮೊದಲು ನನಗೆ ತುಂಬಾ ಇಷ್ಟವಾದದ್ದು. ಗ್ರೇಟ್ ಸರ್ಕಲ್ ಮ್ಯಾಪರ್ ಅಂತ ಒಂದು ಸೈಟ್ ಇದೆ, ನೋಡೋಕೆ ಹಳೇ ಕಾಲದ್ದು, ಥಳುಕು ಬಳುಕು ಏನೂ ಇಲ್ಲ, ಆದ್ರೆ ವಿಮಾನದ ಹುಚ್ಚಿರೋರಿಗೆಲ್ಲ ಇದು ಚೆನ್ನಾಗಿ ಗೊತ್ತು. ಏರ್‌ಪೋರ್ಟಿನ ಮೂರಕ್ಷರದ ಕೋಡು, ಮಧ್ಯೆ ಒಂದು ಅಡ್ಡಗೆರೆ, ಆಮೇಲೆ ಇನ್ನೊಂದು ಏರ್‌ಪೋರ್ಟಿನ ಕೋಡು, ಇಷ್ಟು ಹಾಕಿ ಎಂಟರ್ ಒತ್ತಿದ್ರೆ ಮ್ಯಾಪ್ ಮೇಲೆ ಗೆರೆ ಬರುತ್ತೆ, ಕೆಳಗೆ ದೂರ ಬರುತ್ತೆ. ಕಾಮಾ ಹಾಕಿ ಇನ್ನೊಂದು ಜೋಡಿ ಕೊಟ್ರೆ ಎರಡೂ ಗೆರೆ ಒಟ್ಟಿಗೆ ಕಾಣುತ್ತೆ, ಯಾವ ದಾರಿ ಉದ್ದ ಯಾವುದು ಗಿಡ್ಡ ಅಂತ ಪಕ್ಕಪಕ್ಕದಲ್ಲೇ ನೋಡಬಹುದು. ಒಂದು ಏರ್‌ಪೋರ್ಟಿನ ಸುತ್ತ ಇಂತಿಷ್ಟು ದೂರದ ವೃತ್ತ ಎಳಿ ಅಂದ್ರೂ ಎಳೆಯುತ್ತೆ. ಒಂದು ವಿಮಾನದ ರೇಂಜು ಎಷ್ಟು ಅಂತ ಗೊತ್ತಿದ್ರೆ ಅದು ಎಲ್ಲೆಲ್ಲಿಗೆ ಹೋಗಬಹುದು ಅಂತ ಈ ವೃತ್ತ ನೋಡಿದ್ರೆ ಕಣ್ಣಿಗೇ ಕಾಣುತ್ತೆ, ನನಗೆ ಈ ಸೌಲಭ್ಯ ಅಂದ್ರೆ ಪ್ರಾಣ.

ಹೊಸದಾಗಿ ನೋಡೋರಿಗೆ ಮೊದಲು ಆಶ್ಚರ್ಯ ಆಗೋದು ಗೆರೆಯ ಆಕಾರ. ಸಿಂಗಾಪುರದಿಂದ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ಗೆ ಗೆರೆ ಎಳೆದು ನೋಡಿ. ನಾವು ಗೋಡೆ ಮೇಲೆ ನೇತುಹಾಕೋ ಮ್ಯಾಪಿನಲ್ಲಿ ಅದು ಪಶ್ಚಿಮಕ್ಕೋ ಪೂರ್ವಕ್ಕೋ ಅಡ್ಡಡ್ಡ ಹೋಗಬೇಕು ಅನ್ಸುತ್ತೆ, ಆದ್ರೆ ಗೆರೆ ಸೀದಾ ಮೇಲಕ್ಕೆ ಹೋಗಿ ಉತ್ತರ ಧ್ರುವದ ಹತ್ತಿರ ಹಾದು ಆ ಕಡೆ ಇಳಿಯುತ್ತೆ. ಯಾಕಂದ್ರೆ ಸಿಂಗಾಪುರ ಇರೋದು ಪೂರ್ವ ರೇಖಾಂಶ 104 ಡಿಗ್ರಿ ಹತ್ತಿರ, ನೆವಾರ್ಕ್ ಇರೋದು ಪಶ್ಚಿಮ 74ರ ಹತ್ತಿರ, ಎರಡೂ ಕೂಡಿದ್ರೆ ಹೆಚ್ಚುಕಡಿಮೆ 180, ಅಂದ್ರೆ ಭೂಮಿಯ ಆಚೆ ಮಗ್ಗುಲು. ಮನೇಲಿ ಗ್ಲೋಬ್ ಇದ್ರೆ ಒಂದು ದಾರ ಹಿಡಿದು ಎರಡೂ ಊರಿನ ಮೇಲೆ ಬಿಗಿಯಾಗಿ ಎಳೆದು ನೋಡಿ, ದಾರ ತಾನಾಗೇ ಜಾರಿ ಧ್ರುವದ ಕಡೆ ಹೋಗಿ ಕೂರುತ್ತೆ. ಅದೇ ಗ್ರೇಟ್ ಸರ್ಕಲ್, ಚೆಂಡಿನ ಮೇಲೆ ಎರಡು ಚುಕ್ಕಿ ಮಧ್ಯೆ ಇರೋ ಅತಿ ಗಿಡ್ಡ ದಾರಿ. ಚಪ್ಪಟೆ ಮ್ಯಾಪಿನಲ್ಲಿ ಅದು ಬಾಗಿದ ಹಾಗೆ ಕಾಣೋದು ಮ್ಯಾಪಿನ ದೋಷ, ದಾರಿಯ ದೋಷ ಅಲ್ಲ.

ಈ ದೂರ 15,344 ಕಿ.ಮೀ. ಅಂತ ಬರುತ್ತೆ. ಇದು ಎಷ್ಟು ನಿಖರ ಅಂದ್ರೆ, ಭೂಮಿ ಪೂರ್ತಿ ಗುಂಡಗಿಲ್ಲ ಅಲ್ವಾ, ಸಮಭಾಜಕದ ಹತ್ತಿರ ತ್ರಿಜ್ಯ 6,378 ಕಿ.ಮೀ., ಧ್ರುವದ ಕಡೆ 6,357, ಸುಮಾರು 21 ಕಿ.ಮೀ. ವ್ಯತ್ಯಾಸ. ಒಳ್ಳೇ ಸೈಟ್‌ಗಳು ಈ ಚಪ್ಪಟೆಯನ್ನೂ ಲೆಕ್ಕಕ್ಕೆ ತಗೋತವೆ. ಸಾಧಾರಣ ಸೈಟ್‌ಗಳು ಭೂಮಿ ಪೂರ್ತಿ ಗುಂಡು, ತ್ರಿಜ್ಯ 6,371 ಅಂತ ಇಟ್ಕೊಂಡು ಸುಲಭದ ಸೂತ್ರ ಹಾಕ್ತವೆ. ಹಾಗೆ ಮಾಡಿದ್ರೂ ತಪ್ಪು ಶೇಕಡಾ ಅರ್ಧ ದಾಟಲ್ಲ. ಹದಿನೈದು ಸಾವಿರ ಕಿಲೋಮೀಟರಿಗೆ ಅರ್ಧ ಪರ್ಸೆಂಟ್ ಅಂದ್ರೆ 75 ಕಿ.ಮೀ., ಜೆಟ್ ವಿಮಾನಕ್ಕೆ ಅದು ಐದು ನಿಮಿಷದ ದಾರಿ. ಹಾಗಾಗಿ ಎರಡು ಸೈಟ್‌ಗಳು ಒಂದೇ ಜೋಡಿಗೆ ಮೂವತ್ತು ನಲವತ್ತು ಕಿ.ಮೀ. ಹೆಚ್ಚುಕಡಿಮೆ ತೋರಿಸಿದ್ರೆ ತಲೆ ಕೆಡಿಸ್ಕೋಬೇಡಿ.

ತಲೆ ಕೆಡಿಸ್ಕೋಬೇಕಾಗಿರೋದು ಊರಿನ ಹೆಸರಿನ ಬಗ್ಗೆ. ಕೆಲವು ಸೈಟ್‌ಗಳು ಏರ್‌ಪೋರ್ಟ್ ಬದಲು ಊರಿನ ನಡುಮಧ್ಯದಿಂದ ಅಳೀತವೆ, ಲಂಡನ್ ಅಂದ್ರೆ ಹೀಥ್ರೋನಾ ಗ್ಯಾಟ್ವಿಕ್ಕಾ ಸ್ಟಾನ್‌ಸ್ಟೆಡ್ಡಾ, ಟೋಕಿಯೋ ಅಂದ್ರೆ ಹನೇಡಾನಾ ನರಿಟಾನಾ ಅಂತ ಕೇಳೋದೇ ಇಲ್ಲ. ಇದಕ್ಕಿಂತ ದೊಡ್ಡ ಗುಂಡಿ ಒಂದೇ ಹೆಸರಿನ ಎರಡು ಊರು. ಸಿಡ್ನಿ ಆಸ್ಟ್ರೇಲಿಯಾದಲ್ಲಿದೆ, ಕೆನಡಾದ ನೋವಾ ಸ್ಕೋಶಿಯಾದಲ್ಲೂ ಒಂದು ಸಿಡ್ನಿ ಇದೆ, ಅಲ್ಲೂ ಏರ್‌ಪೋರ್ಟ್ ಇದೆ, ಆಸ್ಟ್ರೇಲಿಯಾ ಅಂದ್ಕೊಂಡು ಟಿಕೆಟ್ ಬುಕ್ ಮಾಡಿ ಕೆನಡಾದ ಸಿಡ್ನಿಗೆ ಹೋಗಿ ಇಳಿದವರು ನಿಜವಾಗ್ಲೂ ಇದಾರೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಇದೆ, ಅಮೆರಿಕದ ಅಲಬಾಮಾದಲ್ಲೂ ಇದೆ. ಆದ್ದರಿಂದ ಕೋಡ್ ಕೇಳೋ ಸೈಟೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಕೋಡಿನಲ್ಲಿ ಈ ಗೊಂದಲ ಬರೋಕೆ ಸಾಧ್ಯಾನೇ ಇಲ್ಲ, ನಿಮ್ಮ ಟಿಕೆಟ್ ಮೇಲೇ ಆ ಮೂರಕ್ಷರ ಇರುತ್ತೆ.

ಇನ್ನು ಮೈಲಿ. ಸುಮಾರು ಸೈಟ್‌ಗಳು ದೂರವನ್ನ ಮೈಲೀಲಿ ಕೊಡ್ತವೆ, ಅದರಲ್ಲೂ ಎರಡು ಥರ. ನೆಲದ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852 ಕಿ.ಮೀ. ಪೈಲಟ್‌ಗಳು, ವಿಮಾನ ಕಂಪನಿಗಳು ನಾಟಿಕಲ್ ಮೈಲೀಲೇ ಮಾತಾಡೋದು. ಮೇಲೆ ಹೇಳಿದ ದಾರಿ ನೆಲದ ಮೈಲೀಲಿ 9,500ರ ಚಿಲ್ಲರೆ, ನಾಟಿಕಲ್‌ನಲ್ಲಿ 8,300ರ ಹತ್ತಿರ. ಬರೀ ‘ಮೈಲಿ’ ಅಂತಷ್ಟೇ ಬರೆದಿದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಕಿ.ಮೀ. ಮಾಡ್ಕೊಂಡು ನೋಡೋದೇ ವಾಸಿ.

ಈಗ ಸಮಯಕ್ಕೆ ಬರೋಣ, ನನ್ನ ಅಸಮಾಧಾನ ಇರೋದೆಲ್ಲ ಇಲ್ಲೇ. ಬಹಳಷ್ಟು ಸೈಟ್‌ಗಳು ಮಾಡೋದು ಇಷ್ಟೆ: ದೂರವನ್ನ ಗಂಟೆಗೆ 500 ಮೈಲಿ, ಅಂದ್ರೆ ಸುಮಾರು 805 ಕಿ.ಮೀ.ಯಿಂದ ಭಾಗಿಸೋದು, ಏರೋಕೆ ಇಳಿಯೋಕೆ ಅಂತ ಮೇಲೆ ಅರ್ಧ ಗಂಟೆ ಸೇರಿಸೋದು, ಅಷ್ಟೆ. ಸಿಂಗಾಪುರ–ನೆವಾರ್ಕ್‌ಗೆ ಇದನ್ನ ಹಾಕಿದ್ರೆ 19 ಗಂಟೆ 34 ನಿಮಿಷ ಬರುತ್ತೆ. ಇನ್ನೊಂದು ಸೈಟು 900ರಿಂದ ಭಾಗಿಸಿದ್ರೆ 17 ಗಂಟೆ 33 ನಿಮಿಷ. ಒಂದೇ ವಿಮಾನ, ಒಂದೇ ದಾರಿ, ಎರಡು ಸೈಟ್ ಮಧ್ಯೆ ಎರಡು ಗಂಟೆ ಫರಕು, ಎರಡೂ ನಿಮಿಷದ ಸಮೇತ ಇಷ್ಟೇ ಅಂತ ಖಡಾಖಂಡಿತವಾಗಿ ಬರೆದಿರ್ತವೆ! ಆ ‘34 ನಿಮಿಷ’ ನೋಡಿದ ತಕ್ಷಣ ಓದೋರಿಗೆ ಇದು ಎಲ್ಲೋ ಅಳೆದು ತೂಗಿ ಬರೆದದ್ದು ಅನ್ಸುತ್ತೆ, ಅದೇ ನನಗೆ ಬೇಜಾರು.

ಇದಕ್ಕಿಂತ ಹೆಚ್ಚು ಬೇಜಾರಾಗೋದು ಯಾರೂ ಹಾರದ ದಾರಿಗೂ ಇವು ‘ಫ್ಲೈಟ್ ಟೈಮ್’ ಕೊಡೋದು. ಸಿಂಗಾಪುರದಿಂದ ಈಕ್ವೆಡಾರಿನ ಕ್ವಿಟೊಗೆ ಹಾಕಿ ನೋಡಿ. ಕ್ವಿಟೊ ಹೆಚ್ಚುಕಡಿಮೆ ಸಿಂಗಾಪುರದ ಕಾಲಡಿಗೇ ಇದೆ, ದೂರ 19,700 ಕಿ.ಮೀ. ಆಸುಪಾಸು, ಭೂಮಿ ಮೇಲೆ ಯಾವ ಎರಡು ಜಾಗದ ಮಧ್ಯೆಯೂ 20,000 ಕಿ.ಮೀ.ಗಿಂತ ತುಂಬ ಹೆಚ್ಚು ದೂರ ಇರೋಕಾಗಲ್ಲ, ಅಂಥದ್ರಲ್ಲಿ ಇದು ಅದರ ಅಂಚಿಗೇ ಬಂತು. ಮೇಲಿನ ಸೂತ್ರದಲ್ಲಿ ಇದಕ್ಕೆ ಸುಮಾರು 25 ಗಂಟೆ ಬರುತ್ತೆ. ಆದ್ರೆ ಈ ದಾರೀಲಿ ನೇರ ವಿಮಾನ ಇಲ್ಲ, ಇರೋಕೂ ಆಗಲ್ಲ, ಬಹುದೂರ ಹಾರೋಕೆ ಅಂತಲೇ ಏರ್‌ಬಸ್ ಮಾಡಿರೋ ಎ350-900ಯುಎಲ್‌ಆರ್‌ಗೇ ಕಂಪನಿ ಹೇಳೋ ರೇಂಜು 18,000 ಕಿ.ಮೀ. ಆ 25 ಗಂಟೇನ ನಂಬಿ ಪ್ರಯಾಣದ ಪ್ಲ್ಯಾನ್ ಮಾಡಿದವರ ಗತಿ ಏನು? ‘ಈ ದಾರಿಗೆ ನೇರ ವಿಮಾನ ಇಲ್ಲ’ ಅಂತ ಒಂದು ಸಾಲು ಹಾಕೋಕೆ ಏನು ಕಷ್ಟ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಸಮಯ ಯಾಕೆ ಹೀಗೆ ಕೈಗೆ ಸಿಗಲ್ಲ ಅಂದ್ರೆ ಮೊದಲ ಕಾರಣ ಗಾಳಿ. ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಅಂದ್ರೆ ವಿಮಾನ ಹಾರೋ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಬೀಸ್ತಾ ಇರುತ್ತೆ. ಅದು ಗಂಟೆಗೆ 150 ಕಿ.ಮೀ. ಇರೋದು ಮಾಮೂಲು, ಚಳಿಗಾಲದಲ್ಲಿ ಇದಕ್ಕಿಂತ ಬಹಳ ಹೆಚ್ಚೂ ಆಗುತ್ತೆ. ನ್ಯೂಯಾರ್ಕ್–ಲಂಡನ್ ತಗೊಳ್ಳಿ, 5,550 ಕಿ.ಮೀ. ಹತ್ತಿರ. ವಿಮಾನ ಗಾಳಿಯೊಳಗೆ ಗಂಟೆಗೆ 900ರಲ್ಲಿ ಹೋಗುತ್ತೆ, ದಾರಿಯುದ್ದಕ್ಕೂ 150ರ ಗಾಳಿ ಇದೆ ಅಂತ ಇಟ್ಕೊಳ್ಳಿ. ಗಾಳಿ ಹಿಂದಿನಿಂದ ತಳ್ಳಿದ್ರೆ ನೆಲದ ಮೇಲಿನ ಲೆಕ್ಕಕ್ಕೆ 1,050, ಹಾಗಾಗಿ 5 ಗಂಟೆ 17 ನಿಮಿಷ. ಎದುರು ಬಂದ್ರೆ 750, ಅಂದ್ರೆ 7 ಗಂಟೆ 24 ನಿಮಿಷ. ಒಂದೇ ಕಿಲೋಮೀಟರಿಗೆ ಎರಡು ಗಂಟೆ ಮೇಲೆ ವ್ಯತ್ಯಾಸ! ಇನ್ನೊಂದು ಗಮನಿಸಿ, ಹೋಗ್ತಾ ಉಳಿದದ್ದು ಬರ್ತಾ ಕಳೆದದ್ದಕ್ಕೆ ಸರಿಹೋಗುತ್ತೆ ಅಂತ ನಮಗೆ ಅನ್ಸುತ್ತೆ, ಹಾಗಾಗಲ್ಲ. ಗಾಳಿ ಇಲ್ಲದಿದ್ರೆ ಹೋಗಿ ಬರೋಕೆ 12 ಗಂಟೆ 20 ನಿಮಿಷ, ಗಾಳಿ ಇದ್ರೆ ಎರಡೂ ಸೇರಿ 12 ಗಂಟೆ 41 ನಿಮಿಷ. ಎದುರುಗಾಳೀಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತಲ್ಲ, ಅದಕ್ಕೆ.

ಗೇಟಿನಿಂದ ಗೇಟಿಗೆ ವೇಳಾಪಟ್ಟೀಲಿ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸುಮಾರು 7 ಗಂಟೆ, ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 8 ಗಂಟೆ ಇರುತ್ತೆ. 805ರ ಸೂತ್ರದ ಸೈಟು ಎರಡು ಕಡೆಗೂ 7 ಗಂಟೆ 24 ನಿಮಿಷ ಅನ್ನುತ್ತೆ. ಹೋಗೋದಕ್ಕೂ ಸರಿ ಇಲ್ಲ, ಬರೋದಕ್ಕೂ ಸರಿ ಇಲ್ಲ. 2020ರ ಫೆಬ್ರವರೀಲಿ ಸಿಯಾರಾ ಬಿರುಗಾಳಿ ಟೈಮಲ್ಲಿ ಬ್ರಿಟಿಷ್ ಏರ್‌ವೇಸಿನ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರೀ 4 ಗಂಟೆ 56 ನಿಮಿಷದಲ್ಲಿ ಬಂದಿಳೀತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದಕ್ಕಿಂತ ವೇಗವಾಗಿ ಹೋಯ್ತಾ ಅಂತ ಆಗ ಎಲ್ರೂ ಕೇಳ್ತಿದ್ರು. ಇಲ್ಲ, ವಿಮಾನಕ್ಕೆ ಮುಖ್ಯ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ಅದು ಯಾವಾಗಿನಷ್ಟೇ ಇತ್ತು, ಗಾಳೀನೇ ಇಡೀ ವಿಮಾನವನ್ನ ಹೊತ್ಕೊಂಡು ಓಡ್ತಿತ್ತು.

ಎರಡನೇ ಕಾರಣ ದಾರಿ. ಸೈಟು ತೋರಿಸೋ ಅತಿ ಗಿಡ್ಡ ದಾರೀಲೇ ವಿಮಾನ ಹೋಗುತ್ತೆ ಅಂತ ಏನೂ ಇಲ್ಲ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ. ಮ್ಯಾಪರ್‌ನಲ್ಲಿ ದೂರ ಸುಮಾರು 12,370 ಕಿ.ಮೀ. ಏರ್ ಇಂಡಿಯಾ ಮೊದಲು ಯುರೋಪು, ಅಟ್ಲಾಂಟಿಕ್ ಕಡೆಯಿಂದ ಪಶ್ಚಿಮಕ್ಕೆ ಹೋಗ್ತಿತ್ತು, ಅದು ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ದಿಕ್ಕು ಬದಲಾಯಿಸಿ ಪೆಸಿಫಿಕ್ ಮೇಲೆ ಪೂರ್ವಕ್ಕೆ ಹಾರಿಸಿದ್ರು, ದಾರಿ ಉದ್ದ ಆಗಿ ಸುಮಾರು 15,300 ಕಿ.ಮೀ. ಆಯ್ತು, ಆದ್ರೆ ಸಮಯ ಸುಮಾರು ಎರಡು ಗಂಟೆ ಕಮ್ಮಿ ಆಯ್ತು! ಯಾಕಂದ್ರೆ ಪೂರ್ವಕ್ಕೆ ಹೋದ್ರೆ ಗಾಳಿ ಬೆನ್ನ ಹಿಂದೆ. ವಾಪಸ್ ಬರುವಾಗಲೂ ಪೂರ್ವಕ್ಕೇ, ಅಟ್ಲಾಂಟಿಕ್ ದಾಟಿ ದೆಹಲಿಗೆ, ಹೋಗಿ ಬಂದ್ರೆ ಭೂಮಿಗೆ ಒಂದು ಸುತ್ತು. ಸಾವಿರ ಚಿಲ್ಲರೆ ಕಿಲೋಮೀಟರ್ ಹೆಚ್ಚು ಹಾರಿ ಬೇಗ ತಲುಪೋದು, ಇದನ್ನ ಯಾವ ಭಾಗಾಕಾರದ ಸೈಟು ನಿಮಗೆ ಹೇಳುತ್ತೆ?

ದೇಶಗಳ ಜಗಳವೂ ದಾರಿ ಬದಲಾಯಿಸುತ್ತೆ. ಹೆಲ್ಸಿಂಕಿ–ಟೋಕಿಯೋ ನೇರ ದೂರ 7,800 ಕಿ.ಮೀ. ಚಿಲ್ಲರೆ, ರಷ್ಯಾ ಮೇಲೆ ಹಾದು ಒಂಬತ್ತೂವರೆ ಗಂಟೆ ಹತ್ತಿರ ಆಗ್ತಿತ್ತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ರಷ್ಯಾದ ಆಕಾಶ ಮುಚ್ಚಿಹೋದ ಮೇಲೆ ಫಿನ್‌ಏರ್ ಉತ್ತರ ಧ್ರುವದ ಮೇಲಿಂದ ಸುತ್ತಿಹೋಗೋಕೆ ಶುರುಮಾಡ್ತು, ಈಗ 13 ಗಂಟೆ ಆಸುಪಾಸು. 1983ರಲ್ಲೂ ಇದೇ ಕಂಪನಿ ಧ್ರುವದ ಮೇಲಿಂದಲೇ ಟೋಕಿಯೋಗೆ ಹೋಗ್ತಿತ್ತು, ಆಗ ಸೋವಿಯತ್ ಆಕಾಶ ಮುಚ್ಚಿತ್ತು. ಎರಡು ಏರ್‌ಪೋರ್ಟೂ ಅವವೇ ಜಾಗದಲ್ಲಿವೆ, ದೂರ ಒಂದು ಮೀಟರೂ ಬದಲಾಗಿಲ್ಲ, ಪ್ರಯಾಣ ಮೂರೂವರೆ ಗಂಟೆ ಜಾಸ್ತಿ ಆಗೋಯ್ತು. ನಮ್ಮ ಕಡೇನೂ ಇದೇ ಕಥೆ, 2019ರಲ್ಲಿ ಕೆಲವು ತಿಂಗಳು ಪಾಕಿಸ್ತಾನ ತನ್ನ ಆಕಾಶ ಮುಚ್ಚಿದಾಗ, ಮತ್ತೆ 2025ರ ಏಪ್ರಿಲ್‌ನಿಂದ ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗೋವು ದಕ್ಷಿಣಕ್ಕೆ ಸುತ್ತಿಕೊಂಡು ಹೋಗಬೇಕಾಯ್ತು, ಅಮೆರಿಕ ಕಡೆಯ ಕೆಲವು ವಿಮಾನಗಳು ಯುರೋಪಿನಲ್ಲಿ ಇಳಿದು ಇಂಧನ ತುಂಬಿಸ್ಕೊಂಡು ಮುಂದೆ ಹೋದ್ವು. ಇದ್ಯಾವುದೂ ದೂರ ಲೆಕ್ಕ ಹಾಕೋ ಸೈಟಿಗೆ ಗೊತ್ತೇ ಇರಲ್ಲ. ಎರಡು ಎಂಜಿನ್ ವಿಮಾನ ಸಮುದ್ರದ ಮಧ್ಯೆ ಹಾರುವಾಗ ಒಂದು ಎಂಜಿನ್ ಕೆಟ್ರೂ ಇಂತಿಷ್ಟು ನಿಮಿಷದೊಳಗೆ ಒಂದು ಏರ್‌ಪೋರ್ಟ್ ಸಿಗೋ ಹಾಗಿರಬೇಕು ಅಂತಲೂ ನಿಯಮ ಇದೆ, ಅದಕ್ಕಾಗಿಯೂ ಕೆಲವು ದಾರಿ ಸ್ವಲ್ಪ ಬಾಗುತ್ತೆ.

ಮತ್ತೆ ಸಿಂಗಾಪುರ–ನೆವಾರ್ಕ್‌ಗೇ ಬನ್ನಿ. ಸಿಂಗಾಪುರ್ ಏರ್‌ಲೈನ್ಸ್ ಈ ನೇರ ವಿಮಾನವನ್ನ 2004ರಲ್ಲಿ ಶುರು ಮಾಡಿ 2013ರಲ್ಲಿ ನಿಲ್ಲಿಸಿ 2018ರ ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡ್ತು. ಆಗ ಕಂಪನಿಯೇ ಹೇಳಿದ್ದು ದೂರ ಸುಮಾರು 16,700 ಕಿ.ಮೀ., ಸಮಯ ಹೆಚ್ಚಂದ್ರೆ 18 ಗಂಟೆ 45 ನಿಮಿಷ. ಮ್ಯಾಪರ್ ಹೇಳಿದ್ದು 15,344 ನೆನಪಿದೆಯಲ್ಲ, ಇದು ಅದಕ್ಕಿಂತ 1,300 ಕಿ.ಮೀ. ಹೆಚ್ಚು. ಧ್ರುವದ ಮೇಲಿನ ಗಿಡ್ಡ ದಾರಿ ಬಿಟ್ಟು ಗಾಳಿ ಎಲ್ಲಿ ಅನುಕೂಲವೋ ಆ ಕಡೆ ಹೋಗೋದ್ರಿಂದ ಹೀಗೆ. ಮೊದಲ ದಿನದ ವಿಮಾನ 17 ಗಂಟೆ 52 ನಿಮಿಷಕ್ಕೇ ಇಳೀತು. ಅಂದ್ರೆ ಸೂತ್ರದ ಸೈಟು ಹೇಳಿದ 19 ಗಂಟೆ 34 ನಿಮಿಷಕ್ಕಿಂತ ಒಂದೂವರೆ ಗಂಟೆಗೂ ಮೇಲೆ ಬೇಗ, ಅದೂ ಸೈಟಿಗಿಂತ ಉದ್ದದ ದಾರಿಗೆ ಹೊರಟು. ಈ ಒಂದು ಉದಾಹರಣೆ ಸಾಕು ಈ ಸೈಟ್‌ಗಳಲ್ಲಿ ಏನು ಸರಿ ಏನು ಸರಿ ಇಲ್ಲ ಅಂತ ತೋರಿಸೋಕೆ.

ಟಿಕೆಟ್ ಮೇಲೆ ಇರೋ ಸಮಯ ಬೇರೇನೇ ಒಂದು ಲೆಕ್ಕ, ಇದನ್ನೂ ತಿಳ್ಕೊಂಡಿರಿ. ಅದು ಬ್ಲಾಕ್ ಟೈಮ್, ವಿಮಾನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಆ ಕಡೆ ಗೇಟಿಗೆ ಬಂದು ನಿಲ್ಲೋವರೆಗೆ. ರನ್‌ವೇವರೆಗೆ ಉರುಳಿಕೊಂಡು ಹೋಗೋದು, ಸಾಲಲ್ಲಿ ಕಾಯೋದು, ಇಳಿದ ಮೇಲೆ ಗೇಟ್ ಖಾಲಿ ಆಗೋವರೆಗೆ ನಿಲ್ಲೋದು, ಎಲ್ಲಾ ಅದರೊಳಗೇ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಇದೇ ಅರ್ಧ ಗಂಟೆ ತಿನ್ನುತ್ತೆ. ಮೇಲೆ ಕಂಪನಿಗಳು ಲೇಟ್ ಆಗ್ಬಾರ್ದು ಅಂತ ಸ್ವಲ್ಪ ಸಡಿಲ ಇಟ್ಟೇ ವೇಳಾಪಟ್ಟಿ ಮಾಡಿರ್ತಾರೆ. ಅದಕ್ಕೇ ಲೇಟಾಗಿ ಹೊರಟ ವಿಮಾನ ಎಷ್ಟೋ ಸಲ ಸರಿಯಾದ ಟೈಮಿಗೇ ತಲುಪೋದು.

ಇನ್ನು ಗಡಿಯಾರ. ‘ರಾತ್ರಿ 11:30ಕ್ಕೆ ಹೊರಟು ಬೆಳಿಗ್ಗೆ 6:15ಕ್ಕೆ ತಲುಪುತ್ತಂತೆ, ಆರೂ ಮುಕ್ಕಾಲು ಗಂಟೆ ಅಷ್ಟೇನಾ’ ಅಂತ ಕೇಳೋರು ಇದಾರೆ, ಕೇಳೋದ್ರಲ್ಲಿ ತಪ್ಪೇನೂ ಇಲ್ಲ. ಸಿಂಗಾಪುರಕ್ಕೂ ನ್ಯೂಯಾರ್ಕ್‌ಗೂ ಬೇಸಿಗೇಲಿ 12 ಗಂಟೆ, ಚಳಿಗಾಲದಲ್ಲಿ 13 ಗಂಟೆ ವ್ಯತ್ಯಾಸ. ಬೇಸಿಗೇಲಿ ರಾತ್ರಿ 11:30ಕ್ಕೆ ಸಿಂಗಾಪುರ ಬಿಟ್ಟು 18 ಗಂಟೆ 45 ನಿಮಿಷ ಕೂತ್ರೆ ಸಿಂಗಾಪುರದ ಗಡಿಯಾರದಲ್ಲಿ ಮರುದಿನ ಸಂಜೆ 6:15, ಅದರಿಂದ 12 ಕಳೆದ್ರೆ ಅಲ್ಲಿ ಬೆಳಿಗ್ಗೆ 6:15. ವಾಪಸ್ ಬರುವಾಗ ರಾತ್ರಿ 10:30ಕ್ಕೆ ಹೊರಟು ಅಷ್ಟೇ ಹೊತ್ತು ಹಾರಿದ್ರೆ ಇಳಿಯೋದು ಮಾರನೇ ದಿನವಲ್ಲ, ಅದರಾಚೆ ದಿನ ಬೆಳಗಿನ ಜಾವ 5:15ಕ್ಕೆ. ಏರ್‌ಪೋರ್ಟಿಗೆ ಕರ್ಕೊಂಡು ಬರೋಕೆ ಹೋಗೋರು ಇಲ್ಲೇ ಒಂದು ದಿನ ಎಡವೋದು. ಒಳ್ಳೇ ಸೈಟ್‌ಗಳು ಎರಡೂ ಕಡೆಯ ಸ್ಥಳೀಯ ಸಮಯ ಪಕ್ಕದಲ್ಲೇ ಕೊಡ್ತವೆ, ಇದಕ್ಕೆ ನಾನು ಮನಸಾರೆ ಮಾರ್ಕ್ಸ್ ಕೊಡ್ತೀನಿ. ಆದ್ರೆ ನೀವು ಹೋಗೋ ತಾರೀಖಿನ ವ್ಯತ್ಯಾಸ ತೋರಿಸ್ತಿದೆಯಾ, ಇವತ್ತಿನದಾ ಅಂತ ನೋಡ್ಕೊಳ್ಳಿ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತೆ.

ಹಾಗಾದ್ರೆ ಸರಿಯಾದ ಸಮಯ ಎಲ್ಲಿ ಸಿಗುತ್ತೆ ಅಂದ್ರೆ ಫ್ಲೈಟ್‌ಅವೇರ್, ಫ್ಲೈಟ್‌ರಾಡಾರ್24 ಥರದ ಸೈಟ್‌ಗಳಲ್ಲಿ. ಇವು ಸೂತ್ರ ಹಾಕಲ್ಲ, ವಿಮಾನ ನಿಜವಾಗಿ ಯಾವಾಗ ಮೇಲೆದ್ದಿತು ಯಾವಾಗ ಇಳೀತು ಅಂತ ಹಿಡಿದಿಡ್ತವೆ. ಫ್ಲೈಟ್ ನಂಬರ್ ಹಾಕಿದ್ರೆ ಹಿಂದಿನ ಕೆಲವು ದಿನದ ಪಟ್ಟಿ ಫ್ರೀಯಾಗೇ ಸಿಗುತ್ತೆ. ಒಂದು ದಿನದ್ದು ನೋಡಿ ನಿರ್ಧಾರ ಮಾಡಬೇಡಿ, ಪಟ್ಟೀಲಿ ಅತಿ ಕಮ್ಮಿ ಯಾವುದು ಅತಿ ಹೆಚ್ಚು ಯಾವುದು ಎರಡನ್ನೂ ನೋಡಿ, ನಿಮ್ಮ ಪ್ರಯಾಣ ಬಹುಪಾಲು ಆ ಎರಡರ ಮಧ್ಯೆ ಬೀಳುತ್ತೆ. ವಾಪಸ್ ಫ್ಲೈಟಿಗೆ ಬೇರೆ ನಂಬರ್ ಇರುತ್ತೆ, ಅದನ್ನೂ ಬೇರೆಯಾಗೇ ನೋಡಬೇಕು. ಫ್ಲೈಟ್‌ಅವೇರ್‌ನಲ್ಲಿ ನೇರ ದೂರ ಎಷ್ಟು, ಪ್ಲ್ಯಾನ್ ಮಾಡಿದ ದಾರಿ ಎಷ್ಟು ಅಂತ ಎರಡನ್ನೂ ಕೊಡ್ತಾರೆ, ಆ ಎರಡರ ಅಂತರ ನೋಡಿದ್ರೇ ಆವತ್ತು ವಿಮಾನ ಎಷ್ಟು ಸುತ್ತಿತು ಅಂತ ಗೊತ್ತಾಗುತ್ತೆ. ಪರ್ತ್–ಲಂಡನ್ ಕ್ವಾಂಟಾಸ್ ವಿಮಾನ ಹೀಗೆ ನೋಡಿ, 2018ರ ಮಾರ್ಚ್‌ನಿಂದ ಇದೆ, ದೂರ 14,500 ಕಿ.ಮೀ. ಹತ್ತಿರ, ಲಂಡನ್‌ಗೆ ಹೋಗೋದು ವಾಪಸ್ ಬರೋದಕ್ಕಿಂತ ಅರ್ಧ ಗಂಟೆಗೂ ಹೆಚ್ಚು ಉದ್ದ. ದೋಹಾ–ಆಕ್ಲೆಂಡ್ ನೋಡಿದ್ರೆ ಫರಕು ಇನ್ನೂ ದೊಡ್ಡದು.

ಇಷ್ಟೆಲ್ಲ ಯಾಕೆ ಬಿಡಿಸಿ ಬಿಡಿಸಿ ಬರೆದೆ ಅಂದ್ರೆ ಒಂದೆರಡು ಗಂಟೆ ವ್ಯತ್ಯಾಸ ಎಲ್ರಿಗೂ ಸಣ್ಣದಲ್ಲ. ಇನ್ಸುಲಿನ್ ತಗೊಳ್ಳೋರು, ಗಂಟೆ ನೋಡಿ ಮಾತ್ರೆ ನುಂಗೋರು, ಕೈಕೂಸು ಕರ್ಕೊಂಡು ಹೋಗೋ ತಾಯಂದಿರು, ಕಾಲು ಊದ್ಕೊಳ್ಳೋ ವಯಸ್ಸಾದೋರು, ಇವರಿಗೆಲ್ಲ ಹದಿನೇಳೂವರೆ ಗಂಟೆ ಬೇರೆ, ಹತ್ತೊಂಬತ್ತೂವರೆ ಗಂಟೆ ಬೇರೆ. ಡಾಕ್ಟರ ಹತ್ರ ಔಷಧದ ಹೊತ್ತು ಕೇಳೋಕೆ ಹೋಗುವಾಗ ಇಂಥ ಸೈಟಿನ ಅಂದಾಜು ತಗೊಂಡು ಹೋಗ್ಬೇಡಿ. ಟಿಕೆಟ್ ಮೇಲಿನ ಸಮಯ, ಎರಡೂ ಊರಿನ ಗಡಿಯಾರದ ವ್ಯತ್ಯಾಸ, ಮಧ್ಯೆ ಕಾಯೋ ಹೊತ್ತು, ಇಷ್ಟನ್ನ ಒಂದು ಚೀಟೀಲಿ ಬರ್ಕೊಂಡು ಹೋಗಿ, ಅವರಿಗೂ ಹೇಳೋಕೆ ಸುಲಭ ಆಗುತ್ತೆ.

ಮಧ್ಯೆ ವಿಮಾನ ಬದಲಾಯಿಸೋ ಪ್ರಯಾಣಕ್ಕಂತೂ ಈ ಸೈಟ್‌ಗಳ ಸಮಯ ಪೂರ್ತಿ ನಿರುಪಯೋಗಿ. ಎ-ಯಿಂದ ಸಿ-ಗೆ ನೇರ ಗೆರೆ ಎಳೆದು ಸಮಯ ಕೊಡ್ತವೆ, ನೀವು ಹೋಗೋದು ಬಿ ಮೂಲಕ, ಅಲ್ಲಿ ಮೂರು ಗಂಟೆ ಕೂರ್ತೀರ, ಕೆಲವು ಸಲ ಎಂಟು ಗಂಟೆ. ದೂರಕ್ಕಾದ್ರೆ ಮ್ಯಾಪರ್‌ನಲ್ಲಿ ಮೂರೂ ಕೋಡನ್ನ ಅಡ್ಡಗೆರೆ ಹಾಕಿ ಒಟ್ಟಿಗೆ ಕೊಡಬಹುದು, ಒಂದೊಂದು ತುಂಡಿನದೂ ಒಟ್ಟಿನದೂ ಕೊಡುತ್ತೆ, ಎರಡು ಬೇರೆ ಬೇರೆ ಹಬ್‌ಗಳಲ್ಲಿ ಯಾವ ಕಡೆಯಿಂದ ಹೋದ್ರೆ ಸುತ್ತು ಕಮ್ಮಿ ಅಂತ ಹೋಲಿಸೋಕೆ ಇದಕ್ಕಿಂತ ಒಳ್ಳೇದು ನಾನು ನೋಡಿಲ್ಲ.

ಕೊನೆಗೆ ಸ್ಟಾರ್ ಲೆಕ್ಕ. ಗ್ರೇಟ್ ಸರ್ಕಲ್ ಮ್ಯಾಪರ್‌ಗೆ ದೂರದ ವಿಷಯದಲ್ಲಿ ಐದಕ್ಕೆ ಐದು, ಕಣ್ಣು ಮುಚ್ಚಿ ಕೊಡ್ತೀನಿ. ಫ್ಲೈಟ್ ನಂಬರ್ ಹಾಕಿ ನೋಡೋ ಟ್ರ್ಯಾಕಿಂಗ್ ಸೈಟ್‌ಗಳಿಗೆ ಸಮಯದ ವಿಷಯದಲ್ಲಿ ನಾಲ್ಕೂವರೆ, ಹಳೇ ದಿನಗಳ ಪಟ್ಟಿ ಇನ್ನೂ ಸ್ವಲ್ಪ ಹಿಂದಕ್ಕೆ ಫ್ರೀಯಾಗಿ ಸಿಕ್ಕಿದ್ರೆ ಪೂರ್ತಿ ಕೊಡ್ತಿದ್ದೆ. ಬರೀ ಭಾಗಾಕಾರ ಮಾಡಿ ಫ್ಲೈಟ್ ಟೈಮ್ ಅಂತ ದೊಡ್ಡದಾಗಿ ಹಾಕೋ ಸೈಟ್‌ಗಳಿಗೆ ಎರಡು, ಅದೂ ದೂರ ಸರಿಯಾಗಿ ಕೊಡ್ತಾರೆ ಅನ್ನೋ ಕಾರಣಕ್ಕೆ. ಇವನ್ನ ನಡೆಸೋರು ಯಾರಾದ್ರೂ ಇದನ್ನ ಓದ್ತಿದ್ರೆ ನಂದೊಂದು ಬೇಡಿಕೆ ಇದೆ. ಆ ಒಂದೇ ಸಮಯ ತೆಗೆದುಹಾಕಿ ಎರಡು ಖಾನೆ ಮಾಡಿ, ಹೋಗೋದಕ್ಕೊಂದು ಬರೋದಕ್ಕೊಂದು, ನೇರ ವಿಮಾನ ಇಲ್ಲದ ಕಡೆ ಖಾನೆ ಖಾಲಿ ಬಿಡಿ.